ಶಶಿಯಣ್ಣ ಓಗೊಟ್ಟ ರಾತ್ರಿ

ಮೊದಲು ಆ ಫೋನುಗಳನ್ನ ಸೈಲೆಂಟಿಗೆ ಹಾಕಿ. ಹಾಕಿದ್ರಾ... ಸರಿ. ನಡುವೆ ಯಾರದ್ದಾದರೂ ಟಿಣ್ ಅಂದರೆ ನಾನು ಎದ್ದು ಹೋಗ್ತೀನಿ, ಕತೆ ಅರ್ಧಕ್ಕೇ ನಿಲ್ಲುತ್ತೆ.

ನಮ್ಮ ಚಿಕ್ಕಪ್ಪನ ಮಗ ಸಾಗರ ಗೊತ್ತಲ್ಲ, ಹುಣಸೂರು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿದ್ದಾನೆ. ದೆವ್ವ ಅಂದರೆ ನಗೋ ಆಸಾಮಿ. 'ನಮ್ಮೂರಲ್ಲಿ ಮನುಷ್ಯರಿಗೇ ನೆಟ್‌ವರ್ಕ್ ಸಿಗಲ್ಲ, ಇನ್ನು ದೆವ್ವಕ್ಕೆಲ್ಲಿ ಸಿಗುತ್ತಣ್ಣ' ಅನ್ನೋನು. ಅಂಥವನು ಹೋದ ವರ್ಷ, ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ, ಗಾವಡಗೆರೆ ಕಡೆಯ ಶಶಿಕುಮಾರನ, ನಮ್ಮ ಶಶಿಯಣ್ಣನ, ಮನೆಯಿಂದ ರಾತ್ರಿ ನಡೆದು ಬರ್ತಿದ್ದ. ಒಬ್ಬನೇ. ಬೈಕು ಅವತ್ತೇ ಕೈ ಕೊಟ್ಟಿತ್ತು.

ದಾರಿಯಲ್ಲಿ ಕರಿಯಯ್ಯನ ಬಾವಿ ಸಿಗುತ್ತೆ. ಈಗ ಯಾರೂ ನೀರು ಸೇದಲ್ಲ. ರಾಟೆ ಮಾತ್ರ ಹಾಗೇ ಇದೆ. ಗಾಳಿ ಬಂದರೆ ಕಿರ್ರ್... ಅನ್ನುತ್ತೆ, ನಿಲ್ಲುತ್ತೆ. ಮತ್ತೆ ಕಿರ್ರ್... ಗದ್ದೆ ಕಡೆ ಕಪ್ಪೆಗಳು ವಟಗುಟ್ಟುತ್ತಿದ್ದವು. ಸಾಗರ ಬಾವಿ ದಾಟಿದ. ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು.

'ಅಪ್ಪಾ...'

ಹಿಂದಿನಿಂದ. ಹೆಣ್ಣು ಮಗಳ ದನಿ.

ಸಾಗರ ನಿಂತ. ಆ ದನಿ ಅವನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅದನ್ನ ತನ್ನ ಕೈಯಾರೆ ಸುಮ್ಮನಾಗಿಸಿ ಬಂದಿದ್ದ. ದನಿಯ ಒಡತಿಗೆ ಮಣ್ಣು ಹಾಕೋದಕ್ಕೆ ಹಿಂದಿನ ವಾರವೇ ನಾವೆಲ್ಲ ಹೋಗಿದ್ವಿ.

ಅವಳು ರೂಪಶ್ರೀ. ಶಶಿಯಣ್ಣನ ಒಬ್ಬಳೇ ಮಗಳು. ಹುಣಸೂರಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದ್ತಿದ್ದಳು. ಜ್ವರ ಬಂತು. ಮಾಮೂಲಿ ಜ್ವರ ಅಂದ್ಕೊಂಡ್ರು, ಮಾತ್ರೆ ಕೊಟ್ರು. ಮೈಸೂರಿಗೆ ಕರ್ಕೊಂಡು ಹೋಗೋ ಹೊತ್ತಿಗೆ ಮೀರಿತ್ತು. ಇದಕ್ಕಿಂತ ಹೆಚ್ಚು ಹೇಳೋಕೆ ನನ್ನ ಕೈಲಾಗಲ್ಲ, ಬುಡಿ.

ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಮನೆ, ಬ್ಯಾರನ್ ಅಂತೀವಿ, ಅದನ್ನ ಕಟ್ಟಿಸಿದ ಮೇಲೆ ನಿದ್ದೆ ಮಾರಿದ ಹಾಗೆ. ಎತ್ತರದ ಗೋಡೆ, ಮೇಲೆ ಹೆಂಚು, ಒಳಗೆ ಕಡ್ಡಿಗೆ ಕಟ್ಟಿ ನೇತುಹಾಕಿದ ಸೊಪ್ಪು, ಕೆಳಗೆ ಕಾದ ತಗಡಿನ ಕೊಳವೆ. ಹೊರಗಿನಿಂದ ಒಲೆಗೆ ಸೌದೆ ಒಟ್ಟುತ್ತಾ ಇರಬೇಕು. ಶಾಖ ಇಳಿದರೆ ಸೊಪ್ಪು ಕೆಡುತ್ತೆ. ಸೊಪ್ಪು ಜಾರಿ ಕೊಳವೆ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತುತ್ತೆ. ಅದಕ್ಕೆ ರಾತ್ರಿಯೆಲ್ಲ ಒಬ್ಬರು ಕಾಯಬೇಕು. ಶಶಿಯಣ್ಣ ಕೂತಲ್ಲೇ ಗೊರಕೆ ಹೊಡೆಯೋ ಗಿರಾಕಿ. ರೂಪ ಚಿಕ್ಕವಳಿದ್ದಾಗಿಂದ ಮಧ್ಯರಾತ್ರಿ ಎದ್ದು, ಕಿಟಕಿಯಿಂದ ಅಪ್ಪನನ್ನ ಕೂಗಿ ಎಬ್ಬಿಸೋಳು. ಅವನು 'ಊ ಮಗ, ಎದ್ದೆ ಕಣವ್ವ' ಅಂತ ಓಗೊಟ್ಟ ಮೇಲೇ ಅವಳು ಮಲಗೋದು.

ಹಾಸ್ಟೆಲಿಗೆ ಹೋಗೋ ಮುಂಚೆ ಆ ಹುಡುಗಿ ಒಂದು ಕೆಲಸ ಮಾಡಿದಳು. ಕೊರೊನಾ ಕಾಲದಲ್ಲಿ ಪಾಠ ಕೇಳೋದಕ್ಕೆ ಅಂತ ಕೊಡಿಸಿದ್ದ ಟ್ಯಾಬ್ ಇತ್ತು. ಹಾಸ್ಟೆಲಲ್ಲಿ ಅದನ್ನ ಇಟ್ಕೊಳ್ಳೋ ಹಾಗಿಲ್ಲ. ಅದರಲ್ಲಿ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಅಲಾರಂ ಇಟ್ಟಳು. ಅವ್ವನಿಗೆ, 'ಇದನ್ನ ಕಿಟಕೀಲಿ ಇಡವ್ವ, ನಾನೇ ಇದ್ದಂಗೆ' ಅಂದಳಂತೆ.

ಅವಳು ತೀರಿಕೊಂಡ ಮೇಲೂ ಅಲಾರಂ ಇತ್ತು. ಮಣ್ಣು ಮಾಡಿ ಬಂದ ರಾತ್ರಿ... ಮನೆ ತುಂಬ ನೆಂಟರು... ಕಿಟಕಿಯಿಂದ 'ಅಪ್ಪಾ' ಅಂತ ಕೇಳಿಸಿತು. ಶಶಿಯಣ್ಣ ಓಗೊಡೋಕೆ ಬಾಯಿ ತೆಗೆದ. ಅವನ ತಾಯಿ ಕುಳ್ಳಮ್ಮ ತಡೆದಳು.

'ಬ್ಯಾಡ ಕಣ್ಲಾ. ಸತ್ತೋರು ಕೂಗಿದಾಗ ಓಗೊಟ್ರೆ, ಆ ಓ ಅಂದಿದ್ನ ಇಸ್ಕೊಂಡು ಒಂಟೋಯ್ತಾರೆ. ತಿರುಗಾ ಬರಾಕಿಲ್ಲ.'

ಟ್ಯಾಬಿಗೂ ಈ ಮಾತಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಅವತ್ತು ಆ ಮನೆಯಲ್ಲಿ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ರೂಪನ ತಾಯಿ ರುಕ್ಮಿಣಮ್ಮ ಆ ಮಾತನ್ನ ಸೆರಗಿಗೆ ಗಂಟು ಹಾಕ್ಕೊಂಡಳು. 'ನೀನು ಓಗೊಡಬ್ಯಾಡ. ದಿನಾ ಬರ್ಲಿ ನನ್ ಮಗ' ಅಂತ ಗಂಡನ ಕೈಲಿ ಆಣೆ ಹಾಕಿಸಿಕೊಂಡಳು. ಅವನು ದಿನಾ ರಾತ್ರಿ ಬಾಯಿಗೆ ಟವಲ್ ತುರುಕಿಕೊಂಡು ಕೂರೋನು. ಮಗಳು ಕೂಗ್ತಾಳೆ, ಅಪ್ಪ ಸುಮ್ಮನಿರಬೇಕು. ವಾರ ಕಳೆಯೋದರೊಳಗೆ ಗಂಡಸು ಸೊರಗಿ ಕಡ್ಡಿಯಾದ. ಅನ್ನ ಮುಟ್ಟಲಿಲ್ಲ. ಹೀಗೇ ಬಿಟ್ಟರೆ ಇವನೂ ಉಳಿಯಲ್ಲ ಅಂತ ರುಕ್ಮಿಣಮ್ಮನೇ ಕೊನೆಗೆ ಸಾಗರನಿಗೆ ಹೇಳಿ ಕಳಿಸಿದಳು.

ಸಮಾಧಿಗೆ ಹಾಲುತುಪ್ಪ ಬಿಟ್ಟಾಗಿತ್ತು, ಹನ್ನೊಂದನೇ ದಿನದ ತಿಥಿ ಇನ್ನೂ ಆಗಿರಲಿಲ್ಲ. ಬ್ಯಾರನ್ನಿನ ಒಲೆ ಹೊತ್ತಿಸಿದ್ದರು. ಸೂತಕ ಅಂತ ಹೊಲದ ಸೊಪ್ಪು ಕಾಯುತ್ತಾ? ನೆಂಟರೇ ಕಿತ್ತು, ಕಟ್ಟಿ, ಏರಿಸಿದ್ದರು. ಸಾಗರ ಹೋದಾಗ ನಡುಮನೆಯಲ್ಲಿ ದೀಪ ಉರೀತಿತ್ತು. ದೀಪದ ಪಕ್ಕ ಟ್ಯಾಬು. ಟಿಣ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್...

'ಇವು ಯಾರ್ದು ಅಕ್ಕ, ಮೆಸೇಜು?'

'ಅವಳ ಜೊತೆ ಓದ್ತಿದ್ದ ಐಕ್ಳು ಕಣಪ್ಪ. ಅವಳ ಫೋಟೋ ಹಾಕ್ತವೆ, ಏನೇನೋ ಬರೀತವೆ. ಟಿಣ್ ಅಂದಾಗೆಲ್ಲ ಒಲೆ ಮುಂದಿನಿಂದ ಎದ್ದು ಓಡ್ಬತ್ತೀನಿ. ಅವಳೇ ಏನೋ ಅಂತ.'

ಸಾಗರ ಕೂತ. ಟ್ಯಾಬಿಗೆ ಒಂದೇ ಗಂಟಲಲ್ಲ. ಕರೆಗೊಂದು, ಮೆಸೇಜಿಗೊಂದು, ಹಾಡಿಗೊಂದು, ಅಲಾರಮ್ಮಿಗೊಂದು. ಒಂದೊಂದನ್ನೇ ಬೆರಳಲ್ಲಿ ಎಳೆದು ಸೊನ್ನೆಗೆ ತಂದ. ಗ್ರೂಪುಗಳ ನೋಟಿಫಿಕೇಶನ್ ಎಲ್ಲ ಆಫ್ ಮಾಡಿದ. ಟಿಣ್ ನಿಂತಿತು. ಅಲಾರಂ ಒಂದು ಮಾತ್ರ ಹಟಮಾರಿ. ಎಷ್ಟು ಎಳೆದರೂ ಚೂರು ದನಿ ಉಳಿಸಿಕೊಳ್ಳುತ್ತೆ. ಅದನ್ನ ಆಫೇ ಮಾಡಬೇಕು.

'ಅಕ್ಕ, ಆ ರೆಕಾರ್ಡಿಂಗ್ ಅಳಿಸ್ಬುಡ್ಲಾ? ಅದೇ ವಾಸಿ.'

'ಅಳಿಸ್ಬ್ಯಾಡ ಕಣಪ್ಪ... ನಿಂಗೆ ಕೈ ಮುಗೀತೀನಿ. ಬಾಯಿ ಮುಚ್ಸು, ಸಾಕು. ಒಳಗೇ ಇರ್ಲಿ ಬುಡು.'

ಬಾಗಿಲಲ್ಲಿ ಶಶಿಯಣ್ಣ ನಿಂತಿದ್ದ. ಮೈಯೆಲ್ಲ ಹೊಗೆ ವಾಸನೆ. 'ಸಾಗರ... ಮುಚ್ಚೋಕೆ ಮುಂಚೆ ಒಂದ್ಸಲ ಕೇಳ್ಸ್ಲಾ' ಅಂದ.

ಸಾಗರ ಕೇಳಿಸಿದ. ಅದರಲ್ಲಿ ಏನಿತ್ತು ಅಂತ ಅವನು ನನಗೆ ಎಷ್ಟೋ ಸಲ ಹೇಳಿದ್ದಾನೆ. ಹಗಲಲ್ಲಿ ಅಡಿಗೆಮನೆಯಲ್ಲಿ ಕೂತು ಮಾಡಿದ ರೆಕಾರ್ಡು. ಶಶಿಯಣ್ಣ ಆಗ ಹೊಲದಲ್ಲಿದ್ದ. ಮೊದಲು ಕುಕ್ಕರ್ ಕೂಗುತ್ತೆ, ಸುಯ್ಯ್... ಹಿತ್ತಿಲಲ್ಲಿ ಕೋಳಿ ಕೊಕ್ಕೊಕ್ ಅನ್ನುತ್ತೆ. ಆಮೇಲೆ ರೂಪ. 'ಅಪ್ಪಾ... ಏಳಪ್ಪಾ... ಬೆಂಕಿ ನೋಡು.' ಕೊನೆಗೆ ನಗು ತಡೆಯಲಾಗದೆ ಕಿಸಕ್ ಅಂತಾಳೆ. ಅಷ್ಟೇ.

ಶಶಿಯಣ್ಣನ ತುಟಿ ಅದುರಿತು. ಬಾಯಿ ತೆರೆಯಿತು. ರುಕ್ಮಿಣಮ್ಮ ಎದ್ದು ಹೋಗಿ ತನ್ನ ಅಂಗೈಯಲ್ಲಿ ಅವನ ಬಾಯಿ ಮುಚ್ಚಿದಳು. ಅವಳ ಬೆರಳ ಸಂದಿಯಲ್ಲಿ ಅವನ ಕಣ್ಣೀರು ಇಳೀತಿತ್ತು. ಸಾಗರ ತಲೆ ತಗ್ಗಿಸಿ ಅಲಾರಂ ಆಫ್ ಮಾಡಿದ. ಟ್ಯಾಬನ್ನೂ ಪೂರ್ತಿ ಆರಿಸಿದ. ರುಕ್ಮಿಣಮ್ಮ ಅದನ್ನ ಮಗಳ ಚೂಡಿದಾರದಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಳು. ಚಿಲಕ ಟಕ್ ಅಂತು.

ಸಾಗರ ಹೊರಡುವಾಗ ಕುಳ್ಳಮ್ಮ ಜಗಲಿಯಿಂದ ಪಿಸುಗುಟ್ಟಿದಳು. 'ದಾರೀಲಿ ಯಾರಾನ ಕೂಗಿದ್ರೆ ತಿರುಗ್ಬ್ಯಾಡ ಮಗ. ಮೂರ್ ಸಲ ಕೂಗಿದ್ರೆ ಮನ್ಸರು. ಒಂದು, ಎಲ್ಡು ಅಂದ್ರೆ... ಸುಮ್ನೆ ನಡೀತಾ ಇರು.'

ಈಗ ಮತ್ತೆ ಬಾವಿ ಹತ್ತಿರ ಬನ್ನಿ.

'ಅಪ್ಪಾ...'

ಒಂದು. ಸಾಗರ ಅಲಾರಂ ಸರಿಯಾಗಿ ಆಫ್ ಆಗಿಲ್ಲವೇನೋ ಅಂದ್ಕೊಂಡ. ಆದರೆ ಟ್ಯಾಬೇ ಆರಿದೆ, ಟ್ರಂಕಿನೊಳಗಿದೆ...

'ಅಪ್ಪಾ... ಏಳಪ್ಪಾ...'

ಎರಡು. ದನಿ ಮನೆ ಕಡೆಯಿಂದ ಬರ್ತಿರಲಿಲ್ಲ. ಬ್ಯಾರನ್ ಕಡೆಯಿಂದ ಬರ್ತಿತ್ತು. ಮೊದಲಿನ ಹಾಗೆ ನಗುವನ್ನ ಬಚ್ಚಿಟ್ಟುಕೊಂಡ ದನಿ ಅಲ್ಲ. ಗಂಟಲು ಹರಿಯೋ ಹಾಗೆ ಕೂಗ್ತಿದ್ದಳು. ಕುಳ್ಳಮ್ಮ ಬೇಡ ಅಂದಿದ್ದಳು, ಆದರೂ ಸಾಗರ ತಿರುಗಿದ. ಬ್ಯಾರನ್ನಿನ ಹೆಂಚಿನ ಮೇಲೆ ಕಪ್ಪು ಹೊಗೆ ಸುರುಳಿ ಏಳ್ತಿತ್ತು. ಸೊಪ್ಪು ಬೇಯೋ ವಾಸನೆ ಬೇರೆ, ಸುಡೋ ವಾಸನೆ ಬೇರೆ. ಇದು ಸುಡೋ ವಾಸನೆ. ಸಾಗರ ಓಡಿದ.

ಓಡಿ ಹತ್ತಿರ ಹೋದರೆ ಕಂಡಿದ್ದೇನು ಗೊತ್ತಾ... ಶಶಿಯಣ್ಣ ಮಲಗಿರಲಿಲ್ಲ. ಗೋಡೆಗೆ ಒರಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಟವಲ್ ಕಚ್ಚಿಕೊಂಡು ಕೂತಿದ್ದ. ಎರಡೂ ಕೈ ಕಿವಿ ಮೇಲೆ. ಒಳಗೆ ಚಿಟಿಚಿಟಿ, ಚಟಾರ್... ಮೇಲೆ ತೊಲೆ ಲಟಲಟ ಅನ್ನುತ್ತಿತ್ತು. ಅವನಿಗೆ ಅದ್ಯಾವುದೂ ಕೇಳಿಸ್ತಿಲ್ಲ. ಮಗಳ ದನಿ ಕೇಳಿಸಿಕೊಳ್ಳಬಾರದು ಅಂತ, ಹೆಂಡತಿಗೆ ಕೊಟ್ಟ ಮಾತು ತಪ್ಪಬಾರದು ಅಂತ, ಆ ಪುಣ್ಯಾತ್ಮ ಬೆಂಕಿಯ ಪಕ್ಕದಲ್ಲಿ ಹಾಗೆ ಕೂತಿದ್ದ.

ಸಾಗರ ಅವನ ಕಡೆ ನುಗ್ಗಿದ. ಅಷ್ಟರಲ್ಲಿ ಸಾಗರನ ಕಿವಿಯ ಪಕ್ಕದಲ್ಲೇ...

'ಅಪ್ಪಾ... ಬೆಂಕಿ ನೋಡು.'

ಮೂರು.

ಶಶಿಯಣ್ಣ ಕಣ್ಣು ಬಿಟ್ಟ. ಟವಲ್ ಉಗಿದ. 'ಊ ಮಗ... ಎದ್ದೆ ಕಣವ್ವ' ಅಂತ ಎದ್ದು ನಿಂತು, ಕತ್ತಲಿಗೆ ಎರಡೂ ಕೈ ಚಾಚಿ ನಾಲ್ಕು ಹೆಜ್ಜೆ ನಡೆದ. ಅವನ ಬೆನ್ನ ಹಿಂದೆ ತೊಲೆ ಮುರಿದು, ಹೆಂಚು ಸಮೇತ ಧಡಾರ್ ಅಂತ ಬಿತ್ತು. ಅವನು ಕೂತಿದ್ದ ಜಾಗದ ಮೇಲೇ ಬಿತ್ತು.

ಊರೆಲ್ಲ ಎದ್ದು ಬಂತು. ಬಿಂದಿಗೆ, ಬಕೆಟ್ಟು, ಕೊನೆಗೆ ಕರಿಯಯ್ಯನ ಬಾವಿಯ ರಾಟೆಯೂ ತಿರುಗಿತು. ಸೊಪ್ಪು ಒಂದೆಲೆ ಉಳಿಯಲಿಲ್ಲ. ರುಕ್ಮಿಣಮ್ಮ ಟ್ಯಾಬನ್ನ ಚೂಡಿದಾರದ ಸಮೇತ ಎದೆಗೆ ಅವುಚಿಕೊಂಡು ಓಡಿ ಬಂದಳು. ಅದು ಆರಿಸಿದ ಹಾಗೇ ಇತ್ತು.

'ಓಗೊಟ್ಟಾ?' ಅಂದಳು. ಬೇರೆ ಏನೂ ಕೇಳಲಿಲ್ಲ.

'ಮೂರ್ ಸಲ ಕರೆದ್ಲು ಕಣೆ. ಎಂಗೆ ಸುಮ್ನಿರ್ಲಿ ಯೋಳು.'

ಅವಳು ಗಂಡನ ಎದೆಗೆ ಮುಷ್ಟಿಯಲ್ಲಿ ಗುದ್ದಿದಳು. ಗುದ್ದುತ್ತಾ ಗುದ್ದುತ್ತಾ ಅಲ್ಲೇ ಅವನನ್ನ ಹಿಡ್ಕೊಂಡು ಕುಸಿದಳು. 'ಒಂಟೋದ್ಲಲ್ಲ... ಇನ್ನ ಬರಾಕಿಲ್ವಲ್ಲ... ನಿನ್ನ ಉಳಿಸ್ಬುಟ್ಟು ಒಂಟೋದ್ಲಲ್ಲ...' ಬೆಂಕಿ ಆರಿಸ್ತಿದ್ದವರೂ ಕೊಡ ಕೆಳಗಿಟ್ಟು ನಿಂತುಬಿಟ್ಟರಂತೆ. ಒಬ್ಬಳೇ ಮಗಳಿಗೆ ಆ ತಾಯಿ ಎರಡು ಸಲ ಅತ್ತಳು.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಸಾಗರನ ಅಂಗಡಿಗೆ ಬಂದಳು. ನಾನೂ ಅಲ್ಲೇ ಕೂತಿದ್ದೆ. ಟ್ಯಾಬನ್ನ ಕೌಂಟರ್ ಮೇಲಿಟ್ಟು, 'ಬಾಯಿ ಬುಡಿಸು ಸಾಗರ, ತಡೆಯಕಾಗ್ತಿಲ್ಲ' ಅಂದಳು. ಅವನು ಮುಚ್ಚಿದ್ದನ್ನೆಲ್ಲ ಒಂದೊಂದಾಗಿ ತೆಗೆದ. ದನಿ ಪೂರ್ತಿ ಏರಿಸಿದ. ರೆಕಾರ್ಡ್ ಒತ್ತಿದ.

ಕುಕ್ಕರ್ ಸುಯ್ಯ್ ಅಂತು. ಕೋಳಿ ಕೊಕ್ಕೊಕ್ ಅಂತು. ಆಮೇಲೆ... ಏನೂ ಇಲ್ಲ. ರೂಪ ಮಾತಾಡ್ತಿದ್ದಷ್ಟು ಹೊತ್ತೂ ಏನೂ ಇಲ್ಲ. ಸಾಗರ ಇನ್ನೊಂದು ಸಲ ಹಾಕಿದ, ಬೇರೆ ಸ್ಪೀಕರಿಗೆ ಹಾಕಿದ. ಅದೇ. ನಿಲ್ಲಿಸೋಕೆ ಹೋದ. 'ಇರು, ಇನ್ನೂ ಅದೆ' ಅಂದಳು ರುಕ್ಮಿಣಮ್ಮ.

ಇತ್ತು. ರೂಪ ಕಿಸಕ್ ಅಂತಿದ್ದ ಜಾಗದಲ್ಲಿ ಒಂದು ಗಂಡಸಿನ ದನಿ.

ರುಕ್ಮಿಣಮ್ಮ ಅಳಲಿಲ್ಲ. ಟ್ಯಾಬನ್ನ ಮತ್ತೆ ಚೂಡಿದಾರದಲ್ಲಿ ಸುತ್ತಿಕೊಂಡಳು. 'ಓ ಅಂದಿದ್ನ ಇಸ್ಕೊಂಡವಳೆ' ಅಂದಳು, ಗಾವಡಗೆರೆ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಳು.

ನಗಬೇಡಿ. ನಾನು ಕಿವಿಯಾರೆ ಕೇಳಿದ್ದೀನಿ. ನಂಬಿಕೆ ಇಲ್ಲದವರು ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ, ಕೇಳಿದರೆ ರುಕ್ಮಿಣಮ್ಮ ಹಾಕಿ ಕೇಳಿಸ್ತಾಳೆ. ರೆಕಾರ್ಡಿನ ತಾರೀಕು ರೂಪ ಹಾಸ್ಟೆಲಿಗೆ ಹೋಗೋ ಹಿಂದಿನ ದಿನದ್ದೇ ಇದೆ. ಕುಕ್ಕರ್ ಕೂಗುತ್ತೆ, ಕೋಳಿ ಕೂಗುತ್ತೆ, ಸ್ವಲ್ಪ ಹೊತ್ತು ಸುಮ್ಮನಿರುತ್ತೆ. ಆಮೇಲೆ ಶಶಿಯಣ್ಣ 'ಊ ಮಗ... ಎದ್ದೆ ಕಣವ್ವ' ಅಂತಾನೆ.