ಅತ್ತೆಯ ತಾಮ್ರದ ಬೋಗುಣಿ

ದೇವಮಾತೆಯ ಹೆಸರೆತ್ತಿ ಹೇಳುತ್ತೇನೆ, ಇದರಲ್ಲಿ ನಾನು ಕಟ್ಟಿದ ಮಾತು ಒಂದೂ ಇಲ್ಲ. ನಡೆದದ್ದು ನನ್ನ ಚಿಕ್ಕಪ್ಪನ ಮಗಳು ಪೊಲಿಕ್ಸೆನಿಗೆ. ಇದೇ ವೋಲೋಸ್ ಊರಿನಲ್ಲಿ, ನಮ್ಮದೇ ಬೀದಿಯಲ್ಲಿ. ದೀಪವನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳಿ. ಬಾಯಲ್ಲಿ ಏನಾದರೂ ಇದ್ದರೆ ಮೊದಲು ನುಂಗಿಬಿಡಿ.

ನಮ್ಮ ಬೀದಿ ನೋಡಿದವರೆಲ್ಲ ಸ್ವರ್ಗ ಅನ್ನುತ್ತಾರೆ. ಎರಡೂ ಕಡೆ ಕಹಿಕಿತ್ತಳೆ ಮರ, ತುದಿಯಲ್ಲಿ ಸಮುದ್ರ. ಹೌದು, ಸ್ವರ್ಗವೇ. ಆದರೆ ಜನವರಿ ತಿಂಗಳಲ್ಲಿ ಬಂದು ನಡೆಯಲಿ. ಉದುರಿದ ಹಣ್ಣು ಕಾರಿನ ಚಕ್ರಕ್ಕೆ ಸಿಕ್ಕಿ, ಮಳೆಯಲ್ಲಿ ನೆನೆದು, ಹಸಿರು ಬೂಸ್ಟು ಹಿಡಿದು ಬಿದ್ದಿರುತ್ತದೆ. ಕಾಲಿಟ್ಟರೆ... ಪಿಚಕ್. ಚಪ್ಪಲಿಯಡಿಯ ಆ ಲೋಳೆ ಮನೆಯವರೆಗೂ ಬರುತ್ತದೆ.

ಆ ಶನಿವಾರ ಇಗರ್ಜಿಯಲ್ಲಿ ಸಂಜೆ ಪ್ರಾರ್ಥನೆ ಮುಗಿಸಿ ನಾವಿಬ್ಬರೇ ಬರುತ್ತಿದ್ದೆವು. ಚಳಿಗಾಲ, ಆಗಲೇ ಗವ್ವೆನ್ನುವ ಕತ್ತಲು. ಪೊಲಿಕ್ಸೆನಿ ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತಿದ್ದಳು. ಅವಳ ಮಡಿ ನಮ್ಮ ಬೀದಿಗೆಲ್ಲ ಗೊತ್ತು. ಬಾಗಿಲ ಹಿಡಿಯನ್ನು ದಿನಾ ವಿನೆಗರ್ ಹಾಕಿ ಒರೆಸುವವಳು. ಸಂತರ ಚಿತ್ರಕ್ಕೆ ಮುತ್ತಿಡುವ ಮೊದಲು ಕರ್ಚೀಫಿನಿಂದ ಗಾಜು ಉಜ್ಜುವವಳು. ನಮ್ಮ ಗುರುಗಳು ಒಮ್ಮೆ ನಕ್ಕು, "ಸಂತರಿಗೆ ಶೀತ ಇಲ್ಲ ಮಗಳೇ" ಅಂದಿದ್ದರು.

ಮರುದಿನ ಅವಳ ಮಗಳು ಇವಾಂಥಿಯಾಳನ್ನು ನೋಡಲು ಹುಡುಗನ ತಾಯಿ ಮೊದಲ ಸಲ ಮನೆಗೆ ಬರುವವಳಿದ್ದಳು. ಹುಡುಗ ಒಪ್ಪಿಯಾಗಿತ್ತು. ತಾಯಿ ಒಪ್ಪಬೇಕಿತ್ತು. ಹಿಂದೆ ಒಂದು ಸಂಬಂಧ ಹೀಗೇ ಬಂದು, ಕಾಫಿ ಕುಡಿದು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಆ ಹುಡುಗಿ ಒಂದು ವರ್ಷ ಸರಿಯಾಗಿ ನಕ್ಕಿರಲಿಲ್ಲ.

"ನಾಳೆಗೆ ಪಾಕ ಮಾಡಿಟ್ಟೆಯೇನೇ?" ಅಂದೆ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಸಕ್ಕರೆ ಪಾಕದಲ್ಲಿ ಬೇಯಿಸಿದ ಕಹಿಕಿತ್ತಳೆ ಸಿಪ್ಪೆ, ಒಂದು ಚಮಚ, ಜೊತೆಗೆ ತಣ್ಣೀರು. ಅದಾದ ಮೇಲೆಯೇ ಮಾತುಕತೆ.

"ಆಯ್ತಕ್ಕಾ. ಐದು ಭರಣಿ ತುಂಬಿಟ್ಟಿದೀನಿ. ಲಾರಿಸಾ ಊರಿನ ಕಡೆ ಹೆಂಗಸದು. ಮೊದಲ ಚಮಚ ಬಾಯಿಗಿಟ್ಟಾಗಲೇ ಮನೆ ಎಂಥದ್ದು ಅಂತ ತೂಗ್ತಾಳಂತೆ."

"ತೂಗಲಿ ಬಿಡು. ನಿನ್ನ ಅತ್ತೆಗಿಂತ ಜೋರಾ?"

ಅವಳು ನಗಲಿಲ್ಲ. ಮರದಡಿ ನಿಂತುಬಿಟ್ಟಳು. ಎಲ್ಲೋ ಹಿಂದೆ ಒಂದು ಹಣ್ಣು ಬಿತ್ತು... ಥಪ್.

ಅವಳ ಅತ್ತೆ ಗರುಫಾಲಿಯಾ. ದೇವರು ಆ ಆತ್ಮಕ್ಕೆ ನೆಮ್ಮದಿ ಕೊಡಲಿ. ಸೊಸೆ ಮಾಡಿದ ಪಾಕವನ್ನು ಬದುಕಿರುವವರೆಗೂ ನಾಲಿಗೆಗೆ ಮುಟ್ಟಿಸಿದವಳಲ್ಲ. "ಕಹಿ ಬಿಟ್ಟಿಲ್ಲ" ಅನ್ನುವಳು, ರುಚಿ ನೋಡದೆಯೇ! ಅವಳು ಮಣ್ಣಿಗೆ ಸೇರಿ ಮೂರು ವರ್ಷವಾಗಿತ್ತು. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ... ಮೂರು ವರ್ಷಕ್ಕೆ ಗೋರಿ ತೆರೆದು ಮೂಳೆ ಎತ್ತಬೇಕು. ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು, ಸ್ಮಶಾನದ ಮೂಳೆಮನೆಯಲ್ಲಿ ಇಡಬೇಕು. ಅದು ಹಿಂದಿನ ವಾರವಷ್ಟೇ ಆಗಿತ್ತು. ನಾನು ಜ್ವರ ಬಂದು ಮಲಗಿದ್ದೆ, ಹೋಗಲಾಗಿರಲಿಲ್ಲ.

"ಅಕ್ಕಾ," ಪೊಲಿಕ್ಸೆನಿ ಪಿಸುಗುಟ್ಟಿದಳು. "ಅಲ್ಲಿನ ಪ್ಲಾಸ್ಟಿಕ್ ತೊಟ್ಟಿ ನೋಡಿದೀಯಾ ನೀನು? ಊರಿನ ಮೂಳೆಗಳನ್ನೆಲ್ಲ ತೊಳೆಯೋದು ಅದರಲ್ಲೇ. ಅಂಚಿಗೆಲ್ಲ ಕರೀ ಜಿಡ್ಡು. ಯಾರದೋ ಕೂದಲು ಬೇರೆ. ಅದರಲ್ಲಿ ನಮ್ಮತ್ತೆ ತಲೆ ಅದ್ದಲಾ? ಥೂ!"

"ಮತ್ತೆ?"

"ಮನೆಯಿಂದ ಪಾತ್ರೆ ತಗೊಂಡು ಹೋದೆ."

"ಯಾವ ಪಾತ್ರೆ?"

ಚಪ್ಪಲಿಯಡಿಯ ಲೋಳೆಯನ್ನು ಮರದ ಬೇರಿಗೆ ಉಜ್ಜತೊಡಗಿದಳು.

"ಯಾವ ಪಾತ್ರೆಯೇ, ಪೊಲಿಕ್ಸೆನಿ?"

"ತಾಮ್ರದ ಬೋಗುಣಿ... ಪಾಕದ್ದು."

ನನ್ನ ಕೈ ತಾನಾಗಿ ಶಿಲುಬೆ ಗುರುತು ಮಾಡಿತು. ಆ ಬೋಗುಣಿ ಗರುಫಾಲಿಯಾ ತವರಿನಿಂದ ತಂದದ್ದು. ಸಾಯುವವರೆಗೂ ಪಾಕವನ್ನು ಅದರಲ್ಲೇ ಬೇಯಿಸಿದವಳು.

ಕೇಳಬಾರದಿತ್ತು, ಆದರೂ ಕೇಳಿಸಿಕೊಂಡೆ. ಆ ವರ್ಷ ಮಳೆ ಹೆಚ್ಚು, ಮಣ್ಣು ತನ್ನ ಕೆಲಸ ಪೂರಾ ಮಾಡಿರಲಿಲ್ಲವಂತೆ. ಬುರುಡೆಗೆ ಬಿಳಿ ಕೂದಲು ಇನ್ನೂ ಅಂಟಿತ್ತಂತೆ, ಬಾಚಬಹುದಾದಷ್ಟು. ದವಡೆಯ ಸಂದಿಯಲ್ಲಿ ಹಳದಿ ಮೇಣದಂಥದ್ದು. ಉಗುರಿನಿಂದ ಕೆರೆದರೆ ಉಂಡೆಯಾಗಿ ಬಂತಂತೆ. ದ್ರಾಕ್ಷಾರಸ ಕಂದು ಗಂಜಿಯಾಗಿ, ಮೇಲೆ ನೊರೆ ಕಟ್ಟಿತಂತೆ... ನಾನು ಮರ ಹಿಡಿದುಕೊಂಡೆ.

"ಆ ಬೋಗುಣಿಯಲ್ಲೇ ಸಿಪ್ಪೆ ಬೇಯಿಸಿದೆಯಾ?"

"ಉಪ್ಪು, ವಿನೆಗರ್, ಬೂದಿ, ಮತ್ತೆ ಉಪ್ಪು... ಕೈ ಸುಲಿದು ಹೋಗೋ ಥರ ಉಜ್ಜಿದೀನಿ ಅಕ್ಕಾ. ಕನ್ನಡಿ ಹಾಗೆ ಹೊಳೀತಿದೆ. ಅಲ್ಯುಮಿನಿಯಂನಲ್ಲಿ ಮಾಡಿದ್ರೆ ಸಿಪ್ಪೆ ಕಪ್ಪಾಗತ್ತೆ. ಬೀಗಿತ್ತಿ ಮುಂದೆ ಕಪ್ಪು ಸಿಪ್ಪೆ ಇಡಲಾ?"

"ಸತ್ತವರಿಗೆ ಮುಟ್ಟಿಸಿದ್ದು ಸತ್ತವರದೇ ಕಣೇ. ಚೆಲ್ಲಿಬಿಡು."

"ಬೆಂಕಿ ಮೇಲಿಟ್ಟ ಮೇಲೆ ಎಲ್ಲಾ ಶುದ್ಧ. ಚೆಲ್ಲಲ್ಲ. ಈ ಸಂಬಂಧ ತಪ್ಪಿದ್ರೆ ಆ ಹುಡುಗಿ ಮುಖ ನಾನು ಹೇಗೆ ನೋಡಲಿ?"

ಮಾತಾಡುತ್ತಲೇ ಅವಳ ಅಂಗಳಕ್ಕೆ ಬಂದೆವು. ಅಂಗಳದಲ್ಲಿ ತಗಡು ಮುಚ್ಚಿದ ಹಳೇ ಬಾವಿ, ಅದಕ್ಕೆ ಒತ್ತಿಕೊಂಡೇ ಉಗ್ರಾಣದ ಕಿಟಕಿ. ಮನೆ ಖಾಲಿ. ಗಂಡ ಹಡಗಿನ ಕೆಲಸದ ಮೇಲೆ ದೂರದಲ್ಲಿದ್ದ. ಇವಾಂಥಿಯಾ ತಲೆ ಕೂದಲು ಒಪ್ಪ ಮಾಡಿಸಿಕೊಳ್ಳಲು ಪೇಟೆಗೆ ಹೋಗಿದ್ದಳು.

ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಚಪ್... ಚಪ್... ಸೊರ್‌ರ್...

ಆಮೇಲೆ ಗಾಜಿಗೆ ಚಮಚ ತಗುಲಿದ ಹಾಗೆ... ಟಿಂಗ್.

ಹಲ್ಲಿಲ್ಲದ ಬಾಯಿ. ಅವಸರವೇ ಇಲ್ಲದೆ, ರುಚಿ ನೋಡಿ ನೋಡಿ ನೆಕ್ಕುವ ಸದ್ದು. ಪೊಲಿಕ್ಸೆನಿ ನನ್ನ ತೋಳು ಹಿಡಿದಳು.

"ಬೆಕ್ಕು," ಅಂದಳು.

ಬೀಗ ತೆಗೆದು ದೀಪ ಹಾಕಿದೆವು. ಉಗ್ರಾಣದಲ್ಲಿ ಯಾರೂ ಇಲ್ಲ. ಐದು ಭರಣಿ ಸಾಲಾಗಿ ಕೂತಿದ್ದವು, ಮುಚ್ಚಳ ಬಿಗಿಯಾಗಿ. ಮೊದಲನೆಯದರಲ್ಲಿ ಪಾಕ ಕುತ್ತಿಗೆಯಿಂದ ಕೆಳಗಿಳಿದಿತ್ತು. ಮುಚ್ಚಳ ತಿರುಗಿಸಿದರೆ ಭರಣಿಯ ಅಂಚು ಒದ್ದೆ. ಮುಟ್ಟಿದರೆ ಎಂಜಲಿನ ಹಾಗೆ ಎಳೆ ಎಳೆಯಾಗಿ ಬಂತು.

"ಮುಚ್ಚಳ ತಿರುಗಿಸೋ ಬೆಕ್ಕಾ?" ಅಂದೆ.

ಅವಳು ವಿನೆಗರ್ ಬಟ್ಟೆ ತಂದು ಅಂಚು ಒರೆಸಿ, ಮುಚ್ಚಳ ಮತ್ತೆ ಬಿಗಿದಿಟ್ಟಳು.

ಆ ರಾತ್ರಿ ನನ್ನ ಮನೆಯ ಎಣ್ಣೆ ದೀಪದ ಮುಂದೆ ಮಂಡಿಯೂರಿದೆ. "ತಾಯೀ, ಅವಳು ಮನಸ್ಸಿನಲ್ಲಿ ಕೆಟ್ಟದ್ದಿಟ್ಟು ಮಾಡಿದ್ದಲ್ಲ. ನಾಳೆ ಬರುವ ಆ ಬಾಯಿಗಳನ್ನು ನೀನೇ ಕಾಯಿ" ಅಂದೆ. ಬೇರೆ ಏನು ಬೇಡಬೇಕೆಂದು ನನಗೆ ತಿಳಿಯಲಿಲ್ಲ.

ಭಾನುವಾರ ಪೂಜೆ ಮುಗಿಯುತ್ತಿದ್ದ ಹಾಗೇ ಬೀಗಿತ್ತಿ ಬಂದಳು. ಝಂಬೇತಾ ಅಂತ ಹೆಸರು. ಗಟ್ಟಿ ಹೆಂಗಸು, ಗಟ್ಟಿ ಗಂಟಲು. ಊರಿನಿಂದ ಹಲ್ವಾದ ದೊಡ್ಡ ಡಬ್ಬಿ ತಂದಿದ್ದಳು. ಇವಾಂಥಿಯಾ ಬಿಳಿಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪೊಲಿಕ್ಸೆನಿ ಬೆಳ್ಳಿಯ ತಟ್ಟೆ ಹಿಡಿದು ಉಗ್ರಾಣಕ್ಕೆ ಹೋದಳು.

ಹೋದವಳು ಬರಲಿಲ್ಲ.

"ಏನಮ್ಮಾ," ಬೀಗಿತ್ತಿ ಕೂಗಿದಳು, "ಸಿಪ್ಪೆ ಈಗ ಮರದಿಂದ ಕೀಳ್ತಿದೀರಾ?"

ನಾನು ಎದ್ದು ಹೋದೆ.

ಐದೂ ಭರಣಿ ಖಾಲಿ. ಮುಚ್ಚಳ ಮಾತ್ರ ಬಿಗಿದದ್ದು ಬಿಗಿದ ಹಾಗೇ ಇತ್ತು. ಗಾಜಿನ ಒಳಗೆಲ್ಲ ಬೂದುಬಣ್ಣದ ಗೀರು, ತಳದಿಂದ ಮೇಲಕ್ಕೆ, ಹಸು ಕರುವನ್ನು ನೆಕ್ಕಿದ ಹಾಗೆ. ನೆಕ್ಕಿದ್ದು ಒಣಗಿ ಪೊರೆ ಕಟ್ಟಿತ್ತು. ಆ ಪೊರೆಯಲ್ಲಿ ಬಿಳಿ ಕೂದಲು. ವಾಸನೆಯನ್ನು ನಾನು ಹೇಳಲಾರೆ... ಹುಳಿ ಬಂದ ದ್ರಾಕ್ಷಾರಸ, ಹಸಿ ಮಣ್ಣು, ಅದರ ಮೇಲೆ ಸಕ್ಕರೆ. ಪೊಲಿಕ್ಸೆನಿ ಬಚ್ಚಲ ತೊಟ್ಟಿಗೆ ಬಾಗಿ ವಾಂತಿ ಮಾಡುತ್ತಿದ್ದಳು. ನಾನು ಅವಳ ಬೆನ್ನು ಸವರಿದೆ. ನನ್ನ ಗಂಟಲಿಗೂ ಬಂದಿತ್ತು. ದೇವರ ಹೆಸರು ಹೇಳಿ ನುಂಗಿಕೊಂಡೆ.

ಬಾಯಿ ಒರೆಸಿಕೊಂಡು ಅವಳೇ ಹೊರಗೆ ಬಂದಳು. ಕೈಯಲ್ಲಿ ಬರೀ ತಟ್ಟೆ.

"ಬೀಗಿತ್ತಮ್ಮಾ," ಅಂದಳು, "ನನ್ನ ಪಾಕ ಕೆಟ್ಟುಹೋಯ್ತು. ನಿಮ್ಮ ಮುಂದೆ ಇಡೋಂಥದ್ದಲ್ಲ. ತಪ್ಪು ನಂದೇ, ಮಗಳದಲ್ಲ."

ಇವಾಂಥಿಯಾ ಕಣ್ಣು ಮುಚ್ಚಿಕೊಂಡಳು.

ಝಂಬೇತಾ ಪೊಲಿಕ್ಸೆನಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕಳು. "ಅಯ್ಯೋ ತಾಯೀ! ಕೆಟ್ಟಿದ್ದನ್ನ ಕೆಟ್ಟಿದೆ ಅಂತ ಹೇಳೋ ಹೆಂಗಸನ್ನ ಇವತ್ತೇ ನೋಡಿದ್ದು ನಾನು. ಎಷ್ಟು ಮನೆಯಲ್ಲಿ ಹುಳಿ ಬಂದ ಪಾಕ ತಿಂದು 'ಆಹಾ' ಅಂದಿದೀನಿ ಗೊತ್ತಾ? ತಗೊಳ್ಳಿ, ನನ್ನ ಹಲ್ವಾನೇ ಬಡಿಸಿ!"

ಈಸ್ಟರ್ ಕಳೆದ ಮೇಲೆ ಮದುವೆಯಾಯಿತು. ಚೆನ್ನಾಗಿದ್ದಾರೆ.

ಭರಣಿಗಳನ್ನು ಒಡೆದು ಹೂತೆವು. ಗುರುಗಳು ಎಲ್ಲವನ್ನೂ ಕೇಳಿ, ಬೋಗುಣಿಯನ್ನು ಗರುಫಾಲಿಯಾಳ ಪೆಟ್ಟಿಗೆಯ ಪಕ್ಕ ಇಡಿಸಿ ಪ್ರಾರ್ಥನೆ ಹೇಳಿದರು. "ಅವಳ ವಸ್ತು ಅವಳಿಗೆ ಸೇರಿತು" ಎಂದಷ್ಟೇ ಅಂದರು. ನನಗೆ ಅನಿಸುವುದು ಇಷ್ಟು. ಬದುಕಿದ್ದಾಗ ಸೊಸೆಯ ಕೈಯಿಂದ ಒಂದು ಚಮಚ ತಿನ್ನದ ಮುದುಕಿ, ಬದುಕಿರುವವರ ಬಾಯಿಗೆ ಆ ಹೊಲಸು ಹೋಗಬಾರದೆಂದು ಅಷ್ಟನ್ನೂ ತಾನೇ ತಿಂದಳು. ಅದಕ್ಕೆ ದೇವರು ಅಪ್ಪಣೆ ಕೊಟ್ಟ. ನೀವು ನಂಬದಿದ್ದರೆ ಬೇಡ.

ಆದರೆ ನಡೆದದ್ದು ನಡೆದದ್ದೇ. ಮೂಳೆಮನೆಗೆ ಹೋಗಿ ನೋಡಿ. ಗೋಡೆಯ ತುಂಬ ಪೆಟ್ಟಿಗೆಗಳಿವೆ. ಇರುವೆ ಸಾಲು ಒಂದೇ ಪೆಟ್ಟಿಗೆಗೆ ಹೋಗುತ್ತದೆ, ಹೊರಗೆ ಒಂದು ಹುಳವೂ ಕಾಣದ ಚಳಿಗಾಲದಲ್ಲೂ. ಪೆಟ್ಟಿಗೆಗೆ ಬೀಗ ಇದೆ. ಶನಿವಾರ ಶನಿವಾರ ನಾನೇ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬರುತ್ತೇನೆ.

ಮೊನ್ನೆಯೂ ಒರೆಸಿದೆ... ಬೆರಳು ಅಂಟಿತು.