ಹಣೆಗೆ ಹಚ್ಚಿದ ಸುಣ್ಣ

ದೊಡ್ಡ ಕುರ್ಚಿಯನ್ನು ತುಂಬಿಕೊಂಡು ಕೂತಿರುವ ಅಧ್ಯಕ್ಷರಾದ ಪ್ರಾಚಾರ್ಯ ಚಂದ್ರಮೋಹನ್ ಅವರೇ, ಬಿಸಿಲನ್ನೂ ಲೆಕ್ಕಿಸದೆ ಪತ್ತಿಕೊಂಡದಿಂದ ಬಂದಿರುವ ಮುಖ್ಯ ಅತಿಥಿ ಸುಹಾಸಿನಿ ಮೇಡಂ ಅವರೇ, ಆದೋನಿಯ ನಮ್ಮ ಕನ್ನಡ ಸಂಘದ ಗೆಳೆಯರೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಹೃದಯ ಸಭಿಕರೇ,

ನನ್ನದು ಕನ್ನಡದ ಮನೆ, ತೆಲುಗಿನ ಶಾಲೆ. ಮಾತಿನ ನಡುವೆ ತೆಲುಗು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆಯಲ್ಲವೇ? ಕರೆಂಟು ಹೋಗಿ ಮುಕ್ಕಾಲು ಗಂಟೆಯಾಯಿತು. ಹೊರಗೆ ಗುಡುಗುಡು ಎನ್ನುತ್ತಿರುವ ಜನರೇಟರ್ ಕುಡಿಯುತ್ತಿರುವುದು ಬಂಕಿನ ಡೀಸೆಲ್ ಅಲ್ಲ. ನನ್ನ ಮಿಲ್ಲಿನ ಹತ್ತಿಕಾಳೆಣ್ಣೆಯಿಂದ ಮಾಡಿದ ಡೀಸೆಲ್! ಹೆಮ್ಮೆ ಇಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಎದೆ ತುಂಬುವಷ್ಟು ಹೆಮ್ಮೆ ಇದೆ.

ಈ ಕೆಲಸಕ್ಕಾಗಿ ನನಗೆ ಸನ್ಮಾನ ಮಾಡುತ್ತಿದ್ದೀರಿ. ಶಾಲು ಆ ಮೇಜಿನ ಮೇಲಿದೆ. ಅದನ್ನು ಹೊದಿಸುವ ಮೊದಲು ನಾನು ಒಂದು ಮಾತು ಹೇಳಿಬಿಡಬೇಕು. ಹೇಳದೆ ಹೊದ್ದುಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

"ಹೆಂಗ ಮಾಡಿದ್ರಿ ಸಾವ್ಕಾರ್ರೆ?" ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಆರು ತಿಂಗಳಿಂದ ನಾನೂ "ಮಾಡಿದ್ವಿ ನೋಡ್ರಿ" ಎಂದು ಮೀಸೆ ತಿರುವುತ್ತಿದ್ದೇನೆ. ನಿಜವಾಗಿ ನಾನು ಮಾಡಿದ್ದೇನು? ಒಂದು ಖಾಲಿ ಶೆಡ್ಡು ಕೊಟ್ಟೆ. ಅದನ್ನೂ ಗೊಣಗುತ್ತಲೇ ಕೊಟ್ಟೆ.

ಶೆಡ್ಡು ಕೇಳಿದವಳು ನಾಗಜ್ಯೋತಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಎಣ್ಣೆಗೆ ಮೆಥನಾಲ್ ಬೆರೆಸಿ ಕಾಯಿಸಿದರೆ ಅದು ಡೀಸೆಲ್ ಆಗುತ್ತದಂತೆ. ಆದರೆ ಸುಮ್ಮನೆ ಆಗುವುದಿಲ್ಲ, ಎರಡನ್ನೂ ಕೂಡಿಸಲು ನಡುವೆ ಒಬ್ಬ ಬೇಕು. ಮದುವೆಗೆ ಹಿರಿಯರು ಬೇಕಲ್ಲ, ಹಾಗೆ. ದುಬಾರಿ ರಾಸಾಯನಿಕ ಯಾಕೆ, ನಮ್ಮ ಸೀಮೆಯ ಸುಣ್ಣದ ಕಲ್ಲನ್ನೇ ಸುಟ್ಟು ಹಾಕಿದರೆ ಆಗುತ್ತದೆ ಎಂಬುದು ಅವಳ ಹಟ.

ಮೂರು ತಿಂಗಳು ಕಲ್ಲು ಸುಟ್ಟಳು. ಸುಟ್ಟಿದ್ದನ್ನು ತಟ್ಟೆಯಲ್ಲಿ ಆರಲು ಇಟ್ಟು, ಮರುದಿನ ಎಣ್ಣೆಗೆ ಹಾಕುತ್ತಿದ್ದಳು. ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತಿತ್ತು. ಹತ್ತಿಯ ಸುಗ್ಗಿ ಬಂತು, ಹತ್ತಿಯ ಮೂಟೆ ಇಡಲು ನನಗೆ ಜಾಗ ಬೇಕಾಯಿತು. "ಸೋಮವಾರ ಶೆಡ್ಡು ಖಾಲಿ ಮಾಡವ್ವಾ" ಎಂದುಬಿಟ್ಟೆ. ಅವಳು ಅಳಲಿಲ್ಲ. "ಆಯ್ತ್ರಿ" ಎಂದಳು, ಅಷ್ಟೇ.

ಸೋಮವಾರ ಬಂತು. ನನ್ನ ಪದ್ಧತಿ ನಿಮಗೆ ಗೊತ್ತು. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ನಾನು ಮಿಲ್ಲಿನ ಸ್ವಿಚ್ಚು ಮುಟ್ಟುವುದಿಲ್ಲ. ಅಂದು ಆಫೀಸಿನ ಗೂಡಿನಲ್ಲಿ ಹೊಸದೊಂದು ಸ್ಟೀಲ್ ಡಬ್ಬಿ ಇತ್ತು. ತೆರೆದರೆ ಹಾಲಿನಂಥ ಬಿಳಿ ಗಟ್ಟಿ. ಯಾರೋ ಪುಣ್ಯಾತ್ಮರು ಶ್ರೀಶೈಲಕ್ಕೆ ಹೋಗಿ ವಿಭೂತಿ ತಂದಿಟ್ಟಿದ್ದಾರೆ ಎಂದುಕೊಂಡೆ. ನಮ್ಮ ಕಡೆ ಅದು ಇದ್ದದ್ದೇ ಅಲ್ಲವೇ? ಕಣ್ಣಿಗೊತ್ತಿಕೊಂಡೆ. ನೀರು ಮುಟ್ಟಿಸಿ ತೀಡಿ, ಮೂರು ಬೆರಳಲ್ಲಿ ಎಳೆದೆ. ಬಾಯಲ್ಲಿ ಶಿವನಾಮ ಅರ್ಧಕ್ಕೇ ನಿಂತಿತು!

ನಗಿ, ನಗಿ. ಹಣೆಯ ಮೇಲಿನ ಈ ಮೂರು ಸುಟ್ಟ ಗೆರೆ ತೊಳೆದರೂ ಹೋಗುವುದಿಲ್ಲ. ದಿನಾ ವಿಭೂತಿ ಹಚ್ಚುವ ಶ್ರಮ ಉಳಿಯಿತು ಎಂದು ನನ್ನ ಹೆಂಡತಿ ಗುರುಬಸಮ್ಮ ಈಗ ಹಂಗಿಸುತ್ತಾಳೆ. ಅಂದು ಪಕ್ಕದ ಮನೆಯಿಂದ ಓಡಿಬಂದು ಕೊಡಗಟ್ಟಲೆ ನೀರು ಸುರಿದವಳೂ ಅವಳೇ.

ನನ್ನ ಕಿರುಚಾಟಕ್ಕೆ ನಾಗಜ್ಯೋತಿ ಓಡಿಬಂದಳು. ಮೊದಲು ನನ್ನ ಹಣೆ ನೋಡಿದಳು, ಆಮೇಲೆ ಡಬ್ಬಿ. "ಸಾವ್ಕಾರ್ರೆ, ಸುಡಾಕತ್ತೈತೇನ್ರಿ? ಖರೇ ಸುಡಾಕತ್ತೈತೇನ್ರಿ? ಹಂಗಾದ್ರ ಇದು ಜೀವಂತ ಐತ್ರಿ!" ನನಗೆ ಪ್ರಾಣ ಹೋಗುತ್ತಿದೆ, ಇವಳು ಕುಣಿಯುತ್ತಿದ್ದಾಳೆ.

ಶೆಡ್ಡು ಖಾಲಿ ಮಾಡುವ ಅವಸರದಲ್ಲಿ, ಕೊನೆಯ ಸಲ ಸುಟ್ಟ ಸುಣ್ಣವನ್ನು ಆರಲು ಬಿಡದೆ ಡಬ್ಬಿಗೆ ತುಂಬಿ ನನ್ನ ಗೂಡಿನಲ್ಲಿಟ್ಟವಳು ಅವಳೇ. ಅಂದು ಮಧ್ಯಾಹ್ನವೇ ಆ ಡಬ್ಬಿಯ ಸುಣ್ಣವನ್ನು ಪುಡಿಮಾಡಿ ಎಣ್ಣೆಗೆ ಹಾಕಿದಳು. ಸಂಜೆಗೆ ಸೀಸೆಯಲ್ಲಿ ಎರಡು ಪದರ. ಕೆಳಗೆ ಕಂದು ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಡೀಸೆಲ್. ನಾನು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ನೋಡಿದೆ.

ತಟ್ಟೆಯ ಸುಣ್ಣ ಗಾಳಿಯ ತೇವ ಕುಡಿದು ಬೆಳಗಾಗುವುದರಲ್ಲಿ ಕೆಲಸಕ್ಕೆ ಬಾರದಂತಾಗುತ್ತಿತ್ತು. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಇದು ಯಾವ ಪುಸ್ತಕದಲ್ಲಿತ್ತು ಎಂದು ಕೇಳಿದೆ. "ನಮ್ಮ ಅಜ್ಜಿ ಹೇಳಿದ್ದಳ್ರಿ. ಗಾಳಿ ಕುಡದ್ರ ಸುಣ್ಣ ಸಾಯ್ತೈತಿ ಅಂತ. ನಾನಽ ಕೇಳಿರಲಿಲ್ಲ."

ಆಗ ನನಗೆ ಹಳೆಯದೆಲ್ಲ ನೆನಪಾಯಿತು. ಅವಳ ಅಜ್ಜಿ ಯಾರೆಂದು ಗೊತ್ತೇ? ಎಮ್ಮಿಗನೂರು ರಸ್ತೆಯಲ್ಲಿ ಸುಣ್ಣದ ಭಟ್ಟಿ ಹಾಕುತ್ತಿದ್ದ ಭೀಮಕ್ಕ. ಇಪ್ಪತ್ತು ವರ್ಷದ ಹಿಂದೆ ದಸರೆಗೆ ನಮ್ಮ ಮಿಲ್ಲಿಗೆ ಸುಣ್ಣ ಬಳಿದವಳು. ಗೋಡೆಗೆ ಒರಗಿದವರ ಅಂಗಿಯೆಲ್ಲ ಬಿಳಿಯಾಯಿತು. ನಾನು ಬೈದೆ. ಅವಳು, "ನೀವು ಕೊಟ್ಟ ಸುಣ್ಣ ಹಳೇದ್ರಿ, ಸತ್ತೈತ್ರಿ" ಎಂದಳು. ಹೌದು, ತಿಂಗಳುಗಟ್ಟಲೆ ಬಾಯಿ ಬಿಚ್ಚಿ ಇಟ್ಟಿದ್ದ ಚೀಲ ನನ್ನದೇ. ಆದರೆ ಹತ್ತು ಜನ ಆಳುಗಳ ಮುಂದೆ ನಾನು ಒಪ್ಪಿಕೊಳ್ಳುವುದೇ? "ಸುಣ್ಣಕ್ಕ ಜೀವ ಇರ್ತೈತೇನಲೇ, ಹುಚ್ಚಿ?" ಎಂದೆ. ಎಲ್ಲರೂ ನಕ್ಕರು. ಅವಳು ಕುಂಚ ತೊಳೆದಿಟ್ಟು ಹೋದಳು. ಮತ್ತೆಂದೂ ನಮ್ಮ ಮಿಲ್ಲಿನ ಬಾಗಿಲಿಗೆ ಬರಲಿಲ್ಲ.

ಅಂಥ ಮನೆಯ ಹುಡುಗಿ ನನ್ನಲ್ಲಿಗೇ ಶೆಡ್ಡು ಕೇಳಲು ಬಂದಾಗ ಭೀಮಕ್ಕ ಬೇಡವೆನ್ನಲಿಲ್ಲ. ನಾನು ಮಾತ್ರ ಆರು ತಿಂಗಳು ಅವರಿಬ್ಬರ ಹೆಸರನ್ನೂ ಎತ್ತಲಿಲ್ಲ. ಇಂದಿನ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರಿದೆ? ನನ್ನದೊಂದೇ. ಅಚ್ಚಿಗೆ ಕೊಡುವ ಮುಂಚೆ ನನಗೆ ತೋರಿಸಿದ್ದರು. ನೋಡಿ, ಚೆನ್ನಾಗಿದೆ ಎಂದಿದ್ದೆ.

ಭೀಮಕ್ಕ ಇಲ್ಲಿದ್ದಾರೆ. ಮೊಮ್ಮಗಳು ಕರೆತಂದಿದ್ದಾಳೆ, ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಅಧ್ಯಕ್ಷರೇ, ಆ ಶಾಲು ಇತ್ತ ಕೊಡಿ. ಅವರು ವೇದಿಕೆ ಹತ್ತುವುದು ಬೇಡ, ಮೊಣಕಾಲು ನೋವಿದೆ. ನಾನೇ ಇಳಿದು ಹೋಗುತ್ತೇನೆ. ನಾಗಜ್ಯೋತಿ, ನೀನೂ ಅಜ್ಜಿಯ ಪಕ್ಕದಲ್ಲಿ ನಿಲ್ಲವ್ವಾ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಈ ರೇವಣಸಿದ್ದಯ್ಯನ ಕೃತಜ್ಞತೆಗಳು. ಅಂದು ಹತ್ತು ಜನರೆದುರು ಕೇಳಿದ ಪ್ರಶ್ನೆಗೆ ಇಂದು ಮುನ್ನೂರು ಜನರೆದುರು ನಾನೇ ಉತ್ತರ ಹೇಳಿ ಮುಗಿಸುತ್ತೇನೆ.

ಭೀಮಕ್ಕಾ, ನಿಮ್ಮ ಮಾತು ಖರೇ ಐತ್ರಿ. ಸುಣ್ಣಕ್ಕ ಜೀವ ಇರ್ತೈತ್ರಿ. ತಪ್ಪು ನಂದು.

ನಮಸ್ಕಾರ.