ಬೊಮ್ಮಯ್ಯನವರ ಮೆದುಳು ಕೊಟ್ಟ ವಿಷಯ

ಸಭೆಯ ಅಧ್ಯಕ್ಷರಾದ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸುಪ್ರಿಯಾ ಅವರೇ, ವಿಜ್ಞಾನ ಸಂಘದ ಪದಾಧಿಕಾರಿಗಳೇ, ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಬಂದು ಈ ಸೆಕೆಯಲ್ಲಿ ಸಹನೆಯಿಂದ ಕುಳಿತಿರುವ ಸಭಿಕರೇ,

ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಸಂತೋಷ. ಆದರೆ ನಾನು ಮಾವಳ್ಳಿಯ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತಳಾದವಳು. ತಪ್ಪು ಕಂಡರೆ ತಿದ್ದದೆ ಕೈ ನಿಲ್ಲುವುದಿಲ್ಲ. ನನ್ನ ಹೆಸರೇ ಶ್ರೀಮತಿ. ಶ್ರೀಮತಿ ಶ್ರೀಮತಿ ನಾಯ್ಕ ಎಂದು ಬರೆದುಕೊಟ್ಟರೆ ಅಚ್ಚಿನವರು ಯಾವಾಗಲೂ ಒಂದನ್ನು ಹೊಡೆದುಹಾಕುತ್ತಾರೆ. ನಿಮ್ಮ ಆಮಂತ್ರಣದಲ್ಲೂ ಹಾಗೇ ಆಗಿದೆ. ಹೋಗಲಿ.

ಪರಿಚಯ ಮಾಡಿಕೊಟ್ಟ ಉಪನ್ಯಾಸಕರು ನನ್ನನ್ನು ತ್ಯಾಗಮಯಿ ಎಂದರು. ನಾನು ಏನನ್ನು ತ್ಯಾಗ ಮಾಡಿದೆ? ಮೆದುಳು ನನ್ನದೇ? ನನ್ನ ಮನೆಯವರದು. ಅವರು ದರ್ಜಿಯಾಗಿದ್ದರು, ಆದ್ದರಿಂದ 'ಬಾಳಿನ ದಾರ ಕಡಿಯಿತು, ವಿಜ್ಞಾನವು ಹೊಲಿಯಿತು' ಎಂದೂ ಹೇಳಿದರು. ಸ್ವಾಮೀ, ಯಾರೂ ಏನನ್ನೂ ಹೊಲಿದಿಲ್ಲ. ಅದನ್ನೇ ಹೇಳಲು ನಾನು ಬಂದದ್ದು.

ನಮ್ಮ ಮನೆಯವರು ಬೊಮ್ಮಯ್ಯ ನಾಯ್ಕರು. ಮುರ್ಡೇಶ್ವರದ ಸ್ಟೇಷನ್ ರಸ್ತೆಯಲ್ಲಿ ಅಂಗಡಿ. ನಮ್ಮ ಶಾಲೆಯ ಸಮವಸ್ತ್ರವೆಲ್ಲ ಅವರದೇ ಕೈಯದು. ತೊಂಬತ್ತೊಂಬತ್ತರ ಜೂನಿನಲ್ಲಿ ಮಕ್ಕಳು ಹೊಸ ಅಂಗಿ ಹಾಕಿಕೊಂಡು ಬಂದರೆ, ಕೆಲವಕ್ಕೆ ಎರಡೂ ಎಡಗೈ ತೋಳು! ಬಲಗೈ ಎತ್ತಿದರೆ ಬಗಲು ಬಿಗಿಯುತ್ತದೆ. ತಾಯಂದಿರು ಜಗಳಕ್ಕೆ ಬಂದದ್ದು ದರ್ಜಿಯ ಹತ್ತಿರವಲ್ಲ, ನನ್ನ ಕ್ಲಾಸಿನ ಬಾಗಿಲಿಗೆ. 'ಅಕ್ಕೋರೆ, ಎಂತ ಇದು? ನಮ್ಮ ಪೋರ ಎಂತ ಎಡಚನಾ?' ನಾನು ಮನೆಗೆ ಬಂದು ಕೇಳಿದರೆ ಅವರು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಸಮ ಇದ್ಯಲ್ಲೇ' ಎಂದರು. ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ.

ಆಮೇಲೆ ಶುರುವಾಯಿತು ನೋಡಿ, ಊರಿನವರ ವೈದ್ಯ. ಒಬ್ಬರು ಬ್ರಾಹ್ಮಿ ಎಣ್ಣೆ ಎಂದರು. ಒಬ್ಬರು ಯಾರೋ ಮಾಟ ಮಾಡಿಸಿ ಹಾಕಿದ್ದಾರೆ ಎಂದು ತಾಯಿತ ಕಟ್ಟಿದರು. ನನ್ನ ಸ್ವಂತ ಮೈದುನ ದೇವಪ್ಪ, 'ಅತ್ತಿಗೆ, ನೀವು ಜಾಸ್ತಿ ಗದ್ರಿಸ್ತ್ರಿ, ಅದ್ಕೇ ಅಣ್ಣಂಗೆ ಮರ್ತು ಹೋಗ್ತದೆ' ಎಂದ. ಗದರಿಸಿದರೆ ಮರೆವು ಬರುವುದಾದರೆ, ನನ್ನ ಕ್ಲಾಸಿನಲ್ಲಿ ಕಲಿತ ಮಕ್ಕಳಿಗೆ ಇಂದು ತಮ್ಮ ಊರಿನ ಹೆಸರೂ ನೆನಪಿರಬಾರದಿತ್ತು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಸಭಿಕರೇ. ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಎರಡು ವರ್ಷ ಅಲೆದ ಮೇಲೆ ಉಡುಪಿ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಿಮೆನ್ಶಿಯಾ ಎಂದು ಹೆಸರು ಹೇಳಿದರು. ಅಲ್ಲಿ ಸಂಶೋಧನೆ ಮಾಡುತ್ತಿದ್ದವರು ಈ ಸುಪ್ರಿಯಾ. ಕುಮಟಾದ ಹುಡುಗಿ ಎಂದು ತಿಳಿದು ನಮಗೆ ಅರ್ಧ ಜೀವ ಬಂತು. ಅವರು ಒಂದು ಚಿತ್ರ ಬರೆದು ತೋರಿಸಿದರು. ಜೀವಕೋಶದ ನಡುವೆ ಡಿ.ಎನ್.ಎ. ಇರುತ್ತದೆ, ನನಗೂ ನಿಮಗೂ ಅದು ಪ್ರತಿದಿನ ಅಲ್ಲಲ್ಲಿ ತುಂಡಾಗುತ್ತದೆ, ಕೋಶವೇ ಪ್ರತಿದಿನ ಅದನ್ನು ಸರಿಮಾಡಿಕೊಳ್ಳುತ್ತದೆ. ಚರ್ಮದ ಕೋಶ ಹಾಳಾದರೆ ಹೊಸದು ಬರುತ್ತದೆ. ಮೆದುಳಿನ ಕೋಶ ಹಾಗಲ್ಲ. ಹುಟ್ಟಿದಾಗಿನದೇ ಸಾಯುವವರೆಗೆ ನಡೆಯಬೇಕು, ಕೆಲಸ ನಿಲ್ಲಿಸದೆಯೇ ರಿಪೇರಿಯಾಗಬೇಕು. ಈ ಕಾಯಿಲೆಯಲ್ಲಿ ತುಂಡಾಗುವುದು ಹೆಚ್ಚೋ, ರಿಪೇರಿ ಕಡಿಮೆಯೋ, ಅದನ್ನು ತಿಳಿಯಬೇಕಾಗಿದೆ ಎಂದರು.

ನಮ್ಮವರು ಬಾಯಿ ತೆರೆದರು. 'ಅದನ್ನ ನೋಡೂದು ಹೆಂಗೆ?' ಬದುಕಿರುವಾಗ ಆಗುವುದಿಲ್ಲ ಎಂದು ಸುಪ್ರಿಯಾ ಮೆಲ್ಲಗೆ ಹೇಳಿದರು. 'ಸತ್ಮೇಲೆ?' 'ಆಗ ನೋಡಬಹುದು.' 'ಹಂಗಾರೆ ನೋಡಿ. ಎಲ್ಲಿ ತಪ್ಪಿತು ಅಂತ ಬಿಚ್ಚದೆ ಗೊತ್ತಾಗೂದಿಲ್ಲ.' ದೇವಪ್ಪ ಪಕ್ಕದಲ್ಲೇ ಕುಳಿತು ಚಾ ಕುಡಿಯುತ್ತಿದ್ದ. ಎಲ್ಲ ಕೇಳಿಸಿಕೊಂಡ.

ನಾಲ್ಕು ವರ್ಷಗಳಾದವು. ಆ ನಾಲ್ಕು ವರ್ಷಗಳನ್ನು ಹೇಳುವುದಿಲ್ಲ. ಮನೆಯಲ್ಲಿ ಅಂಥವರನ್ನು ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ನನ್ನನ್ನು ಯಾರೋ ಕೆಲಸಕ್ಕೆ ಬಂದ ಹೆಂಗಸು ಎಂದುಕೊಂಡಿದ್ದರು. 'ಶ್ರೀಮತಿ ಶಾಲೆಯಿಂದ ಬರೂ ಹೊತ್ತಾಯ್ತು, ನೀವಿನ್ನು ಹೊರಡಿ' ಎನ್ನುತ್ತಿದ್ದರು. ಹಿತ್ತಲ ಬಾಗಿಲಿನಿಂದ ಹೋಗಿ ಮುಂಬಾಗಿಲಿನಿಂದ ಬರುತ್ತಿದ್ದೆ. ಒಮ್ಮೊಮ್ಮೆ ಗುರುತು ಸಿಗುತ್ತಿತ್ತು. ಅದಿರಲಿ.

ಎರಡು ಸಾವಿರದ ಐದರ ಜನವರಿಯಲ್ಲಿ ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹೋದರು. ಸುಪ್ರಿಯಾ ಬಂದು ನಿಂತರು, ಕೇಳಲಿಲ್ಲ. ಮೆದುಳು ತೆಗೆದುಕೊಳ್ಳಿ ಎಂದು ನಾನೇ ಹೇಳಿದೆ. ದೇವಪ್ಪ ಅಡ್ಡ ಬಂದ. 'ಅತ್ತಿಗೆ, ನಿಮ್ಗೆ ಮಳ್ಳಾ? ಅಣ್ಣನ ಮಂಡೆ ಒಡ್ಸೂಕೆ ನಾ ಬಿಡೂದಿಲ್ಲ.'

'ಅವ್ರೇ ಹೇಳಿದ್ರಲ್ಲೋ, ನಿನ್ನ ಎದ್ರೇ.'

'ಮರೆವಿನವ್ರ ಮಾತಿಗೆ ಎಂತ ಬೆಲೆ? ಬುದ್ಧಿ ಸಮ ಇತ್ತಾ ಅವ್ರಿಗೆ?'

ನನಗೆ ಬಂದ ಸಿಟ್ಟನ್ನು ಈ ಮೈಕು ತಡೆಯಲಾರದು. 'ಹೋದ ವರ್ಷ ಓಟಿಗೆ ರಿಕ್ಷಾ ತಂದು ಕರ್ಕೊಂಡು ಹೋದ್ಯಲ್ಲ, ಆಗ ಸಮ ಇತ್ತಾ?'

'ಅದು ಬೇರೆ. ಅಲ್ಲಿ ಒಂದು ಗುಂಡಿ ಒತ್ತೂದು ಅಷ್ಟೇ.'

'ಸರ್ಕಾರ ಮಾಡೂಕೆ ಅವ್ರ ಬುದ್ಧಿ ಸಾಕು, ತಮ್ಮ ಮಂಡೆ ಕೊಡೂಕೆ ಸಾಲ್ದಾ?'

ನಗಬೇಡಿ. ಅವತ್ತು ಯಾರೂ ನಗಲಿಲ್ಲ. ದೇವಪ್ಪ ಗೋಡೆಗೆ ಮುಖ ಮಾಡಿ ನಿಂತ. ನಾನು ಸಹಿ ಹಾಕಿದೆ. ಎಲ್ಲ ಮುಗಿದ ಮೇಲೆ ಅವನೇ ಪೇಟೆಗೆ ಹೋಗಿ ಹೊಸ ಬಿಳಿ ಪಂಚೆ ತಂದು, ಹೊಲಿಗೆ ಕಾಣದ ಹಾಗೆ ಅಣ್ಣನ ತಲೆಗೆ ಮುಂಡಾಸು ಸುತ್ತಿದ. ಜನ್ಮದಲ್ಲಿ ಮುಂಡಾಸು ಕಟ್ಟಿದವರಲ್ಲ ಅವರು. ಮನೆಯಲ್ಲಿ ಕೇಳಿದವರಿಗೆಲ್ಲ 'ಆಸ್ಪತ್ರೆಯವ್ರ ರೂಲ್ಸು' ಎಂದು ಹೇಳಿದ.

ಆದರೂ ವಿಷಯ ಹೊರಬಿತ್ತು. ನಾನು ಗಂಡನ ಮಂಡೆ ಮಾರಿದವಳಾದೆ. ಮುಂದಿನ ಜನ್ಮದಲ್ಲಿ ಅವರು ಮೆದುಳಿಲ್ಲದೆ ಹುಟ್ಟುತ್ತಾರಂತೆ. ನಮ್ಮ ಊರಿನಲ್ಲಿ ಅದೇನು ದೊಡ್ಡ ಕೊರತೆಯಾಗಿ ಕಾಣಲಿಕ್ಕಿಲ್ಲ ಬಿಡಿ. ಹಾಗೆಂದವರಲ್ಲಿ ಕೆಲವರು ಇಂದು ಮುಂದಿನ ಸಾಲಿನಲ್ಲಿ ಕುಳಿತು ಜೋರಾಗಿ ಚಪ್ಪಾಳೆ ತಟ್ಟಿದ್ದೀರಿ. ನಾನು ನೋಡಿದ್ದೇನೆ.

ಒಂದು ವರ್ಷದ ನಂತರ ನಾನೇ ಬಸ್ಸು ಹತ್ತಿ ಹೋಗಿ ಸುಪ್ರಿಯಾ ಅವರನ್ನು ಕೇಳಿದೆ. 'ಎಂತ ಕಂಡ್ತು ಮಗಾ?' ನೆನಪಿನ ಭಾಗದ ಕೋಶಗಳಲ್ಲಿ ಡಿ.ಎನ್.ಎ. ಬಹಳ ಕಡೆ ತುಂಡಾಗಿದೆ ಎಂದರು. 'ಆದರೆ ಅಕ್ಕೋರೆ, ತುಂಡಾದಲ್ಲೆಲ್ಲ ರಿಪೇರಿಯ ಪ್ರೋಟೀನುಗಳೂ ಬಂದು ಸೇರಿದ್ದವು. ಕೋಶಗಳು ಕೊನೆಯವರೆಗೂ ಕೈಬಿಟ್ಟಿರಲಿಲ್ಲ.'

'ಮತ್ತೆ ಎಂತಕ್ಕೆ ಸಮ ಆಗ್ಲಿಲ್ಲ?'

'ಗೊತ್ತಿಲ್ಲ' ಎಂದರು.

ಗೊತ್ತಿಲ್ಲ! ಇದನ್ನು ಕೇಳಲು ನಾನು ಊರನ್ನೆಲ್ಲ ಎದುರು ಹಾಕಿಕೊಂಡೆನೇ? ಸಿಟ್ಟಿನಲ್ಲಿ ಎದ್ದುಬಿಟ್ಟೆ. ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಎಣ್ಣೆಯವನಿಗೂ ಗೊತ್ತಿತ್ತು, ತಾಯಿತದವನಿಗೂ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ 'ನನಗೆ ಗೊತ್ತಿಲ್ಲ' ಎಂದು ಹೇಳಿದವರು, ಬಿಚ್ಚಿ ನೋಡಿದ ಈ ಒಬ್ಬರೇ. ಅಂಥವರ ಕೈಗೆ ಕೊಟ್ಟಿದ್ದೇನೆ ಎಂದು ಅವತ್ತು ನೆಮ್ಮದಿಯಾಗಿ ನಿದ್ರೆ ಬಂತು.

ಈಗ ಅವರಿಗೆ ಒಂದು ಕಷ್ಟ. ಕಾಯಿಲೆಯ ಮೆದುಳನ್ನು ಹೋಲಿಸಿ ನೋಡಲು ಕಾಯಿಲೆ ಇಲ್ಲದವರದೂ ಬೇಕು. ಯಾರೂ ಕೊಡುವುದಿಲ್ಲ. ನನ್ನದನ್ನು ಬರೆದುಕೊಟ್ಟಿದ್ದೇನೆ. ಇಷ್ಟು ಚಪ್ಪಾಳೆ ತಟ್ಟಿದಿರಲ್ಲ, ನಿಮ್ಮಲ್ಲಿ ಯಾರು? ಅಧ್ಯಕ್ಷರು ಫ್ಯಾನು ನೋಡುತ್ತಿದ್ದಾರೆ. ಮುಂದಿನ ಸಾಲಿನವರಿಗೆ ಈಗಲೇ ಚಪ್ಪಲಿ ಹುಡುಕುವ ಕೆಲಸ ಬಂದಿದೆ. ನನಗಿದು ಹೊಸದಲ್ಲ...

ಹಿಂದೆ ಯಾರದು ಕೈ ಎತ್ತಿದ್ದು? ದೇವಪ್ಪಾ, ನೀರು ಆಚೆ ಕೊಡ್ತಿದ್ದಾರೆ, ಹೋಗು. ಎಂತ? ಜೋರಾಗಿ ಹೇಳು. ... ನಿಂದಾ?

ನಿಂದು ಕೊಡ್ತ್ಯಾ?

ಕೂತ್ಕೋ. ಕೂತ್ಕೋ ಮಾರಾಯಾ, ಎಲ್ರೂ ನೋಡ್ತಿದ್ದಾರೆ. ಅಧ್ಯಕ್ಷರೇ, ನಾನು ಇನ್ನೂ ಹೇಳಬೇಕೆಂದಿದ್ದೆ, ಆದರೆ... ಆತು. ಕರೆದವರಿಗೆ, ಕೇಳಿದವರಿಗೆ, ಎಲ್ಲರಿಗೂ ಉಪಕಾರವಾಯಿತು. ಅವನಿಗೆ ಯಾರಾದರೂ ಒಂದು ಕುರ್ಚಿ ಕೊಡಿ. ನಮಸ್ಕಾರ.